ನಾಲ್ಕು ಏಣಿನ ಬೀಜ

ವಿನಯ ಅನ್ನುವುದು ಸಿಗ್ನಿ ಹಾಲ್ವರ್ಸನ್ ಅವರ ಹತ್ತಿರಕ್ಕೂ ಸುಳಿದದ್ದಿಲ್ಲ. ನಮ್ಮ ಬೀಜ ಪರೀಕ್ಷಾಲಯಕ್ಕೆ ಯಾರೇ ಬರಲಿ, ಕಾಫಿ ಕೈಗೆ ಕೊಡುವ ಮೊದಲೇ ಹೇಳಿಬಿಡುತ್ತಿದ್ದರು: "ಮೊಂಟಾನಾದಲ್ಲಿ ನನಗಿಂತ ಚೆನ್ನಾಗಿ ಬೀಜ ಗುರುತಿಸೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ. ಅವರಿಗೂ ಕಾಫಿ ಕೊಡ್ತೀನಿ." ಕೇಳಿದವರು ನಗುತ್ತಿದ್ದರು. ಯಾರೂ ಯಾರನ್ನೂ ಕರೆತರಲಿಲ್ಲ.

ನಾನು, ಕೋರಾ ಬೆಲ್‌ಕೋರ್ಟ್, ಅವರ ಕೈಕೆಳಗೆ ಕೆಲಸ ಕಲಿತವಳು. ರೈತರು ಬಿತ್ತನೆಗೆಂದು ಮಾರುವ ಬೀಜದ ಮಾದರಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಬಿಳಿ ಹಲಗೆಯ ಮೇಲೆ ಹರವಿ, ಚಿಮಟದಿಂದ ಒಂದೊಂದಾಗಿ ಸರಿಸುತ್ತಾ, ಬೆಳೆಯ ಬೀಜ ಯಾವುದು, ಕಸ ಯಾವುದು, ಕಳೆ ಯಾವುದು ಎಂದು ಬೇರ್ಪಡಿಸುವುದೇ ನಮ್ಮ ಕೆಲಸ. ಹುಡುಗಿಯಾಗಿದ್ದಾಗ ಮಣಿಕಸೂತಿ ಕಲಿತದ್ದರಿಂದ ನನ್ನ ಕೈ ನಡುಗುತ್ತಿರಲಿಲ್ಲ. ಅದೊಂದಕ್ಕೇ ಸಿಗ್ನಿ ನನ್ನನ್ನು ಆರಿಸಿಕೊಂಡರು ಎಂದು ಕಾಣುತ್ತದೆ. "ಕಣ್ಣು ನಾನು ಕೊಡ್ತೀನಿ, ಕೈ ಮಾತ್ರ ನೀನೇ ತರಬೇಕು" ಎಂದಿದ್ದರು ಮೊದಲ ದಿನ.

ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಎಮಿಲ್ ಪ್ಲುಹಾರ್ ಅವರ ಸೇನ್‌ಫಾಯಿನ್ ಮಾದರಿ ಬಂತು. ಸೇನ್‌ಫಾಯಿನ್ ಎಂದರೆ ಗುಲಾಬಿ ಹೂ ಬಿಡುವ ಮೇವಿನ ಬೆಳೆ. ಅದರ ಬೀಜ ಅರ್ಧಚಂದ್ರದಂಥ ಸಿಪ್ಪೆಯೊಳಗೆ ಇರುತ್ತದೆ. ಸಿಪ್ಪೆಯ ಮೇಲೆ ಬಲೆಯ ಹಾಗೆ ಗೆರೆ, ಅಂಚಿಗೆ ಸಣ್ಣ ಹಲ್ಲು. ಎಮಿಲ್ ಬೆಳೆಯುವ ಬೀಜ ಯಾವಾಗಲೂ ಎಷ್ಟು ಸ್ವಚ್ಛವಾಗಿರುತ್ತಿತ್ತೆಂದರೆ ಅದನ್ನು ನೋಡುವಾಗ ನನಗೆ ತೂಕಡಿಕೆ ಬರುತ್ತಿತ್ತು. ಅವತ್ತೂ ಅರೆನಿದ್ದೆಯಲ್ಲೇ ಸರಿಸುತ್ತಿದ್ದೆ. ಚಿಮಟದ ತುದಿಗೆ ಏನೋ ಬೇರೆ ತಾಗಿತು. ಸೇನ್‌ಫಾಯಿನ್ ಸಿಪ್ಪೆಗಿಂತ ಚೂರು ಚಿಕ್ಕದು, ಬೂದುಗಂದು, ಬೆನ್ನಿನ ಮೇಲೆ ಕಪ್ಪು ಮಚ್ಚೆ. ತುದಿಯಲ್ಲಿ ಕುಚ್ಚು ಇದ್ದಿರಬೇಕು. ಕೊಯ್ಲಿನ ಯಂತ್ರದಲ್ಲಿ ಉಜ್ಜಿಹೋಗಿತ್ತು.

"ಸಿಗ್ನೀ, ಥಿಸಲ್ ಸಿಕ್ಕಿದೆ. ಬುಲ್ ಥಿಸಲ್" ಎಂದೆ. ಥಿಸಲ್ ಎಂದರೆ ಮುಳ್ಳಿನ ಗಿಡ, ಅದರಲ್ಲಿ ಹಲವು ಜಾತಿ.

ಅವರು ತಮ್ಮ ಮೇಜಿನಿಂದ ತಲೆ ಎತ್ತಲಿಲ್ಲ. "ಹೆಸರು ಯಾರು ಕೇಳಿದ್ರು? ಏನು ಕಾಣ್ತಿದೆ ಅದನ್ನ ಹೇಳು."

"ಕಂದು ಬಣ್ಣ..."

"ಬಣ್ಣ ಕೊನೆಗೆ. ಆಕಾರ?"

ನಾನು ಮೈಕ್ರೊಸ್ಕೋಪಿನ ಕೆಳಗಿಟ್ಟು ನೋಡಿದೆ. "ಒಂದು ತುದಿ ಚೂಪು, ಒಂದು ತುದಿ ಅಗಲ. ಚಪ್ಪಟೆ ಅಲ್ಲ. ಏಣು ಇವೆ. ತಿರುಗಿಸ್ತೀನಿ ಇರಿ... ನಾಲ್ಕು ಏಣು."

"ಮೈ ನುಣುಪೋ?"

"ಇಲ್ಲ. ಅಡ್ಡಡ್ಡ ಸುಕ್ಕು. ಆಳವಾದ ಸುಕ್ಕು. ನಾಯಿ ಬಾಯಿ ತೆಗೆದಾಗ ಅಂಗುಳ ಕಾಣುತ್ತಲ್ಲ, ಹಾಗೆ."

ಆಗ ಅವರ ಕುರ್ಚಿ ಸದ್ದಾಯಿತು. ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿ, ತಾವೇ ಬಗ್ಗಿ ನೋಡಿದರು. ಒಂದೊಂದು ಮಗ್ಗುಲಿಗೂ ಬೀಜವನ್ನು ಮೆಲ್ಲಗೆ ಉರುಳಿಸಿದರು. ಮಲಗಿದ ಕೂಸನ್ನು ಹೊರಳಿಸುವವರ ಹಾಗೆ.

"ಬುಲ್ ಥಿಸಲ್ ಬೀಜದ ಮೈ ನುಣ್ಣಗಿರುತ್ತೆ, ಮೇಲೆ ಉದ್ದುದ್ದ ಗೆರೆ, ಕುತ್ತಿಗೆಗೆ ಹಳದಿ ಪಟ್ಟಿ. ಇದಕ್ಕೆ ಅದ್ಯಾವುದೂ ಇಲ್ಲ" ಎಂದರು. "ಇದು ಸ್ಕಾಚ್ ಥಿಸಲ್. ಎಂಥಾ ಕೆತ್ತನೆ ನೋಡು! ಇಷ್ಟು ಚೆಂದದ ಬೀಜ ಈ ಕಣಿವೆಯಿಂದ ಬರಬಾರದಿತ್ತು."

ಚೆಂದ ಎಂದದ್ದು ನಿಜಕ್ಕೂ ಮೆಚ್ಚಿಯೇ. ಬರಬಾರದಿತ್ತು ಎಂದದ್ದೂ ಅಷ್ಟೇ ನಿಜ. ಸ್ಕಾಚ್ ಥಿಸಲ್ ಎದ್ದುನಿಂತರೆ ಕುದುರೆಯ ಮೇಲೆ ಕೂತವನ ಎತ್ತರ. ಕಾಂಡಕ್ಕೆ ರೆಕ್ಕೆ, ರೆಕ್ಕೆಯ ಅಂಚಿಗೆಲ್ಲ ಮುಳ್ಳು. ಅದು ತುಂಬಿದ ಹುಲ್ಲುಗಾವಲಿಗೆ ದನವೂ ನುಗ್ಗುವುದಿಲ್ಲ, ಮನುಷ್ಯನೂ ನುಗ್ಗುವುದಿಲ್ಲ. ಅಮೆರಿಕದ ಪಶ್ಚಿಮದ ಕೆಲವು ಕಡೆ ಇಡೀ ಬೆಟ್ಟದ ಮಗ್ಗುಲನ್ನೇ ಜನ ಅದಕ್ಕೆ ಬಿಟ್ಟುಕೊಟ್ಟಿದ್ದಾರೆ. ನಮ್ಮ ಕಣಿವೆಯಲ್ಲಿ ಅದು ಇದೆಯೆಂದು ಪರೀಕ್ಷಾಲಯದಲ್ಲಿ ನಾವು ಯಾರೂ ಕೇಳಿರಲಿಲ್ಲ. ಅಂಥ ಬೀಜ ಒಂದು ಸಿಕ್ಕರೂ ಆ ರಾಶಿಯನ್ನು ಬಿತ್ತನೆಗೆ ಮಾರುವಂತಿಲ್ಲ.

ಸಿಗ್ನಿ ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಬೀಜದ ಮೇಲೆ ಒಬ್ಬ ರೈತನ ಬೆಳೆಯನ್ನು ತಳ್ಳಿಹಾಕುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಗೋದಾಮಿನಿಂದ ಇನ್ನೊಂದು ಮಾದರಿ ತರಿಸಿ ಇಬ್ಬರೂ ಕೂತು ನೋಡಿದೆವು. ಇನ್ನೂ ಕೆಲವು ಸಿಕ್ಕವು. ಒಂದರ ತಲೆಯ ಮೇಲೆ ಕೆಂಪು ಛಾಯೆಯ ಕುಚ್ಚಿನ ಎಳೆ ಉಳಿದಿತ್ತು. ಸ್ಕಾಚ್ ಥಿಸಲ್ ಎಂಬುದಕ್ಕೆ ಅದೇ ಕೊನೆಯ ಸಾಕ್ಷಿ. ಸಿಗ್ನಿ ಎಮಿಲ್‌ಗೆ ಫೋನ್ ಮಾಡಿದರು.

ಎಮಿಲ್ ಮಾರನೆಯ ದಿನ ಬೆಳಿಗ್ಗೆಯೇ ಬಂದರು. ಗಿಡ್ಡ ಮೈಕಟ್ಟಿನ, ಕಡಿಮೆ ಮಾತಿನ ಮನುಷ್ಯ. ಅವತ್ತು ಮಾತ್ರ ಬಾಗಿಲಲ್ಲೇ ಶುರುವಾಯಿತು.

"ನಮ್ಮ ಹೊಲದಲ್ಲಿ ಥಿಸಲ್ಲಾ? ನಾನು ಸಾಲುಸಾಲು ನಡ್ಕೊಂಡು ಕಳೆ ಕೀಳೋನು ಕಣ್ರೀ! ಬೇರೆ ಯಾರದ್ದೋ ಬೀಜ ನಿಮ್ಮ ಹಲಗೆ ಮೇಲೆ ಉಳ್ಕೊಂಡಿತ್ತೇನೋ."

ನನ್ನ ಮುಖ ಬಿಸಿಯಾಯಿತು. ಸಿಗ್ನಿಗೆ ಸಿಟ್ಟು ಬರಲಿಲ್ಲ. "ಬೈಯೋದು ಆಮೇಲೆ ಬೈರಿ, ಎಮಿಲ್. ಮೊದಲು ಇಲ್ಲಿ ನೋಡಿ" ಎಂದು ಮೈಕ್ರೊಸ್ಕೋಪಿನ ಮುಂದೆ ಕೂರಿಸಿದರು. ಬೀಜ ತೋರಿಸಿದರು. ಆಮೇಲೆ ನಮ್ಮ ಸಂಗ್ರಹದಲ್ಲಿದ್ದ ಗಿಡದ ಚಿತ್ರ: ಬೂದುಬಣ್ಣದ ಉಣ್ಣೆ ಹೊದ್ದಂಥ ಎಲೆ, ನೇರಳೆ ಹೂ, ರೆಕ್ಕೆಯ ಕಾಂಡ.

ಚಿತ್ರ ನೋಡಿದ ಎಮಿಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಈ ಗಿಡ ನೋಡಿದೀರಾ?" ಎಂದರು ಸಿಗ್ನಿ.

"ಇಲ್ಲ."

"ಎಲ್ಲಿ ನೋಡಿದ್ರಿ?"

"ಇಲ್ಲ ಅಂದ್ನಲ್ಲ. ಬೆಳೆ ಹೋದ್ರೆ ಹೋಗ್ಲಿ ಬಿಡಿ. ನಾನೇ ಏನಾದ್ರೂ ಮಾಡ್ಕೋತೀನಿ." ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.

ವರ್ಷವಿಡೀ ದುಡಿದ ಬೆಳೆಯನ್ನು ಒಂದು ಮಾತಿಲ್ಲದೆ ಬಿಟ್ಟುಕೊಡುವ ರೈತನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಿಗ್ನಿ ಕಿಟಕಿಯಿಂದ ಅವರ ಪಿಕಪ್ ಹೋಗುವುದನ್ನು ನೋಡುತ್ತಾ, "ಯಾರನ್ನೋ ಕಾಪಾಡ್ತಿದಾನೆ" ಎಂದರು. "ಬೂಟು ಹಾಕ್ಕೋ, ಕೋರಾ. ಬೀಜ ನೀರಿನ ಜೊತೆ ಬಂದಿರತ್ತೆ. ನಾವು ನೀರಿನ ಎದುರಿಗೆ ಹೋಗೋಣ."

ಎಮಿಲ್ ಅವರ ಹೊಲಕ್ಕೆ ಬರುವ ಕಾಲುವೆ ಬೆಟ್ಟದ ಕಡೆಯಿಂದ ಇಳಿಯುತ್ತದೆ. ಹೊಲದ ಮೇಲಿನ ಮೂಲೆಯಲ್ಲಿ, ನೀರು ಬಿಡುವ ತೂಬಿನ ಹಿಂದೆ, ಕೊಯ್ಲಿನ ಯಂತ್ರ ಅರ್ಧಕ್ಕೆ ಕತ್ತರಿಸಿದ ಕೆಲವು ದಪ್ಪ ದಂಟುಗಳು ನಿಂತಿದ್ದವು. ಒಣಗಿ ಬಿಳಿಚಿದ್ದವು. ಸಿಗ್ನಿ ಮುಟ್ಟಿ ನೋಡಿ ತಲೆಯಾಡಿಸಿದರು. ಅಲ್ಲಿಂದ ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆದೆವು. ಸ್ವಲ್ಪ ದೂರಕ್ಕೊಂದು, ಆಮೇಲೆ ಎರಡು ಮೂರು ಒಟ್ಟಿಗೆ, ಆಮೇಲೆ ಗುಂಪುಗುಂಪು. ಸತ್ತ ದಂಟುಗಳ ನಡುವೆ ನೆಲಕ್ಕೆ ಅಂಟಿಕೊಂಡ ಹೊಸ ಸಸಿಗಳು. ಎಲೆಗಳೆಲ್ಲ ಚಕ್ರದ ಹಾಗೆ ಹರಡಿ, ಬೆಳ್ಳಿಯ ತಟ್ಟೆಗಳನ್ನು ಚೆಲ್ಲಿದಂತಿತ್ತು. ಅವು ಚಳಿಗಾಲವನ್ನು ಹಾಗೆಯೇ ಕಳೆದು ಮುಂದಿನ ಬೇಸಿಗೆಯಲ್ಲಿ ಎದ್ದು ಹೂ ಬಿಡುತ್ತವೆ. ಸಿಗ್ನಿಯ ವಯಸ್ಸಿಗೆ ಆ ಏರು ಸುಲಭದ್ದಲ್ಲ. ಆದರೂ ಅವರೇ ಮುಂದೆ, ನಾನು ಹಿಂದೆ.

ಕಾಲುವೆ ನಮ್ಮನ್ನು ನೇರವಾಗಿ ಫಾರ್ಕರ್ ಮ್ಯಾಕ್ರೇ ಅವರ ಗೇಟಿಗೆ ತಂದು ನಿಲ್ಲಿಸಿತು. ಗೇಟಿನ ಎರಡೂ ಕಡೆ, ಕಾವಲುಗಾರರ ಹಾಗೆ, ಕಲ್ಲು ಕಟ್ಟಿದ ಪಾತಿಯಲ್ಲಿ ಸ್ಕಾಚ್ ಥಿಸಲ್ ಸಾಲು. ನೀರು ಹಾಕಿ, ಗೊಬ್ಬರ ಹಾಕಿ, ಗಾಳಿಗೆ ಬೀಳದಂತೆ ಕೋಲು ಕೊಟ್ಟು ಬೆಳೆಸಿದ್ದು.

"ಅಯ್ಯೋ ದೇವರೇ" ಎಂದರು ಸಿಗ್ನಿ.

ಫಾರ್ಕರ್ ಅವರನ್ನು ಕಣಿವೆಯಲ್ಲಿ ತಿಳಿಯದವರಿಲ್ಲ. ಸ್ಕಾಟ್ಲೆಂಡ್ ಮೂಲದ, ಎಂಬತ್ತು ದಾಟಿದ ಕುರಿಗಾರ. ಯಾರ ಮನೆಯಲ್ಲಿ ಸಾವಾದರೂ ಬ್ಯಾಗ್‌ಪೈಪ್ ಹಿಡಿದು ಬಂದು ಗುಂಡಿಯ ಪಕ್ಕ ನಿಂತು ನುಡಿಸುವವರು. ಒಂದು ಚಳಿಗಾಲ ಎಮಿಲ್ ಬೆನ್ನು ಮುರಿದು ಆಸ್ಪತ್ರೆಯಲ್ಲಿದ್ದಾಗ, ಅವರ ಕುರಿಗಳ ಹೆರಿಗೆಯೆಲ್ಲ ಹಿಮದಲ್ಲಿ ಕೂತು ಮಾಡಿಸಿದವರು ಇದೇ ಫಾರ್ಕರ್. ಆ ಸಂಗತಿ ಎಲ್ಲರಿಗೂ ಗೊತ್ತಿತ್ತು. ಎಮಿಲ್ ಬಾಯಿ ಬಿಡದೆ ಹೋದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಅಂಗಳದಲ್ಲಿ ಎಮಿಲ್ ಅವರ ಪಿಕಪ್ ನಿಂತಿತ್ತು.

ಒಳಗೆ ಅಡುಗೆಮನೆಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಓಟ್ಸ್ ರೊಟ್ಟಿ, ಬೆಣ್ಣೆ. ಎಮಿಲ್ ನಮ್ಮನ್ನು ನೋಡಿ ಕಪ್ಪಿನೊಳಗೇ ಇಳಿದುಹೋಗುವಂತೆ ಮುಖ ಬಗ್ಗಿಸಿದರು.

"ಬನ್ನಿ ಬನ್ನಿ!" ಎಂದರು ಫಾರ್ಕರ್. "ಇವನಿಗೆ ಏನಾಗಿದೆ ಅಂತ ನೀವಾದ್ರೂ ಹೇಳಿ. ಬಂದಾಗಿನಿಂದ ಮೂರು ಸಲ ಗಂಟಲು ಸರಿ ಮಾಡ್ಕೊಂಡಿದಾನೆ, ಒಂದು ಮಾತು ಹೊರಬಂದಿಲ್ಲ. ಮದುವೆಗಿದುವೆ ಮಾಡ್ಕೋತಿದಾನಾ ಅಂತ ನಾನು!"

"ಅವರು ಹೇಳೋಕೆ ಬಂದಿರೋದನ್ನ ನಾನು ಹೇಳ್ತೀನಿ" ಎಂದರು ಸಿಗ್ನಿ. ಕೂರಲಿಲ್ಲ. "ನಿಮ್ಮ ಗೇಟಿನ ಥಿಸಲ್ ಎಮಿಲ್ ಹೊಲಕ್ಕೆ ಇಳಿದಿದೆ, ಮ್ಯಾಕ್ರೇ. ಈ ವರ್ಷದ ಅವರ ಬೀಜ ಮಾರೋ ಹಾಗಿಲ್ಲ."

"ಸಿಗ್ನೀ, ಬೇಡ..." ಎಂದರು ಎಮಿಲ್.

ಫಾರ್ಕರ್ ಮೊದಲು ನಕ್ಕರು. ಆಮೇಲೆ ಮುಖ ಗಂಟಾಯಿತು. "ನೋಡಮ್ಮ, ಅದು ನಮ್ಮ ಸ್ಕಾಟ್ಲೆಂಡಿನ ಲಾಂಛನ, ನಮ್ಮ ಕುಲದ ಗಿಡ. ನಮ್ಮಜ್ಜಿ ದಿಂಬಿನ ಮೇಲೆಲ್ಲ ಅದನ್ನೇ ಕಸೂತಿ ಹಾಕ್ತಿದ್ಲು. ಪಕ್ಕದ ಐಡಾಹೋ ರಸ್ತೆಬದಿಯಲ್ಲಿ ಅದನ್ನ ನೋಡಿದಾಗ ಕಾರು ನಿಲ್ಲಿಸಿ ಅತ್ತುಬಿಟ್ಟೆ ಕಣಮ್ಮ ನಾನು. ಒಂದು ಹೂವಿನ ತಲೆ ಮುರ್ಕೊಂಡು ಟೋಪಿಯಲ್ಲಿಟ್ಟು ತಂದೆ. ಹಿಂದೆ ನಾರ್ವೆ ಕಡೆಯ ದರೋಡೆಕೋರರು ಕತ್ತಲಲ್ಲಿ ಬರಿಗಾಲಲ್ಲಿ ನಮ್ಮ ಮೇಲೆ ಬೀಳೋಕೆ ಬಂದಾಗ, ಅವರ ಕಾಲಿಗೆ ಚುಚ್ಚಿ ಕಿರುಚಿಸಿ ನಮ್ಮೋರನ್ನ ಎಬ್ಬಿಸಿದ್ದು ಇದೇ ಗಿಡ. ಹಾಲ್ವರ್ಸನ್ ಅಂದ್ರೆ ನಾರ್ವೆಯೋರೇ ಅಲ್ವಾ ನೀವು? ಅದಕ್ಕೇ ಹಗೆ!"

ಸಿಗ್ನಿಗೆ ನಗು ಬಂತು. "ಆ ಸೇಡು ತೀರಿಸ್ಕೊಳ್ಳೋಕೆ ಇಷ್ಟು ತಲೆಮಾರು ಕಾದಿದ್ದೀವಿ ಅಂದ್ರೆ ನಮ್ಮ ತಾಳ್ಮೆ ಮೆಚ್ಚಬೇಕು ನೀವು" ಎಂದರು. ಆಮೇಲೆ ಕೋಟಿನ ಜೇಬಿನಿಂದ ಸಣ್ಣ ಗಾಜಿನ ಕೊಳವೆ ತೆಗೆದು, ಎಮಿಲ್ ಅವರ ರಾಶಿಯಲ್ಲಿ ಸಿಕ್ಕಿದ ಬೀಜವನ್ನು ಮುದುಕರ ಅಂಗೈಗೆ ಉದುರಿಸಿದರು. ಕೊರಳಲ್ಲಿದ್ದ ಭೂತಗನ್ನಡಿ ಬಿಚ್ಚಿ ಕೊಟ್ಟರು. "ಕಿಟಕಿ ಹತ್ರ ಹೋಗಿ ನೋಡಿ. ಏನು ಕಾಣತ್ತೆ ಹೇಳಿ."

ಫಾರ್ಕರ್ ಒಲ್ಲದ ಮನಸ್ಸಿನಿಂದ ಎದ್ದರು. ಕನ್ನಡಿಯನ್ನು ದೂರ, ಹತ್ತಿರ, ಮತ್ತೆ ದೂರ ಹಿಡಿದರು. ಆಮೇಲೆ ಅವರ ಕೈ ಒಂದು ಕಡೆ ನಿಂತಿತು.

"ಬೆಟ್ಟದ ಮಗ್ಗುಲು ಕಂಡ ಹಾಗಿದೆ" ಎಂದರು ನಿಧಾನವಾಗಿ. "ಕುರಿಗಳು ನಡೆದೂ ನಡೆದೂ ಅಡ್ಡಡ್ಡ ದಾರಿ ಬೀಳುತ್ತಲ್ಲ, ಒಂದರ ಕೆಳಗೊಂದು. ಹಾಗೆ. ನಾಲ್ಕು ಕಡೆಯೂ." ಕನ್ನಡಿಯಿಂದ ಕಣ್ಣು ತೆಗೆಯದೆ, "ಇಷ್ಟು ದಿನ ಹೂವನ್ನಷ್ಟೇ ನೋಡಿದ್ದೆ" ಎಂದರು.

"ಚೆಂದ ಇದೆ, ಅಲ್ವಾ?"

"ಚೆಂದ ಇದೆ."

"ನಂಗೂ ಹಾಗೇ ಅನ್ನಿಸ್ತು. ಈಗ ನಮ್ಮ ಜೊತೆ ಕಾಲುವೆ ತನಕ ಬನ್ನಿ."

ಹೋದೆವು. ದಂಡೆಯ ಮೇಲಿನ ಬೆಳ್ಳಿ ಸಸಿಗಳನ್ನು ಸಿಗ್ನಿ ತೋರಿಸಲಿಲ್ಲ, ಹೆಸರಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಡೆದರು. ಫಾರ್ಕರ್ ತಾವೇ ಒಂದು ಕಂಡರು, ಬಗ್ಗಿ ಎಲೆ ಮುಟ್ಟಿದರು. ಮುಂದೆ ಇನ್ನೊಂದು. ಕಾಲುವೆ ತಿರುಗುವಲ್ಲಿ ನಿಂತು ಕೆಳಗೆ ನೋಡಿದರೆ ಎಮಿಲ್ ಹೊಲದವರೆಗೂ ಅದೇ ಬೂದು. ಮುದುಕರು ಎಮಿಲ್ ಕಡೆ ತಿರುಗಿದರು.

"ಒಂದು ಮಾತು ನಂಗೆ ಹೇಳೋಕೆ ಆಗ್ಲಿಲ್ವೇನೋ, ಎಮಿಲ್?"

"ಹೆಂಗೆ ಹೇಳ್ಲಿ? ನಿಮ್ಮ ಗಿಡ ಅದು."

"ನಿನ್ನ ಬೆಳೆ ಕಣೋ ಕತ್ತೆ!" ಫಾರ್ಕರ್ ಕೂಗಿದ ಕೂಗಿಗೆ ಪೊದೆಯಿಂದ ಹಕ್ಕಿ ಎದ್ದಿತು. ಆಮೇಲೆ ಸಿಗ್ನಿಯ ಕಡೆ ತಿರುಗಿ, "ಒಂದು ಗಿಡ ಇಟ್ಕೊಳ್ಳಬಹುದಾ? ಹೂ ಬಾಡೋಕೆ ಮುಂಚೆ ನಾನೇ ಕತ್ತರಿಸ್ತೀನಿ" ಎಂದು ಮೆಲ್ಲಗೆ ಕೇಳಿದರು.

"ಆಗಲ್ಲ" ಎಂದರು ಸಿಗ್ನಿ. "ಒಂದು ವರ್ಷ ನಿಮಗೆ ಜ್ವರ ಬರುತ್ತೆ, ಕತ್ತರಿಸೋದು ಮರೀತೀರ. ಮತ್ತೆ ಇದೇ ಕಥೆ."

"ಈಗ ಬಿದ್ದಿರೋ ಬೀಜ ಎಷ್ಟು ವರ್ಷ ಮಣ್ಣಲ್ಲಿ ಬದುಕಿರುತ್ತೆ?"

"ನನಗಿಂತ ಜಾಸ್ತಿ. ನಿಮಗಿಂತ ಖಂಡಿತ ಜಾಸ್ತಿ."

ಫಾರ್ಕರ್ ಅವರನ್ನೇ ದಿಟ್ಟಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಎಂಥಾ ಹೆಂಗಸು ನೀನು! ಸುಳ್ಳು ಹೇಳಿ ಸಮಾಧಾನ ಮಾಡೋದೂ ಬರಲ್ಲ" ಎಂದು ಸಲಿಕೆ ತರಲು ಮನೆಯ ಕಡೆ ಹೊರಟರು. ಆ ದಿನ ಮಧ್ಯಾಹ್ನವೇ ಗೇಟಿನ ಗಿಡಗಳನ್ನು ತಮ್ಮ ಕೈಯಾರೆ ಕಡಿದರು. ಬೀಜದ ತಲೆಗಳು ಚೆಲ್ಲದಂತೆ ಉಣ್ಣೆ ತುಂಬುವ ಗೋಣಿಯಲ್ಲಿ ಕಟ್ಟಿ ಸುಟ್ಟರು. ಎಮಿಲ್ ಕೋಲುಗಳನ್ನು ಕಿತ್ತು ಜೋಡಿಸಿದರು. ಗೋಣಿಯ ಬಾಯಿ ಒಬ್ಬರು ಹಿಡಿದಾಗ ಇನ್ನೊಬ್ಬರು ಕೇಳದೆಯೇ ತುಂಬುತ್ತಿದ್ದರು.

ಮರಳಿ ಬರುವಾಗ ಕಾರಿನಲ್ಲಿ ನಾನು ತಡೆಯಲಾರದೆ ಕೇಳಿದೆ. ನಮ್ಮ ಸಂಗ್ರಹದ ಸ್ಕಾಚ್ ಥಿಸಲ್ ಡಬ್ಬಿಯ ಮೇಲೆ ಅದರ ಮೂಲ ಬರೆದಿದೆ: ದಕ್ಷಿಣ ಯೂರೋಪು, ಪಶ್ಚಿಮ ಏಷ್ಯಾ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ತಾನಾಗಿ ಹುಟ್ಟುವ ಥಿಸಲ್ಲೇ ಬೇರೆ. ಅಜ್ಜಿ ಕಸೂತಿ ಹಾಕಿದ್ದು, ದರೋಡೆಕೋರರ ಕಾಲಿಗೆ ಚುಚ್ಚಿದ್ದು, ಬಹುಶಃ ಈ ಗಿಡವೇ ಅಲ್ಲ.

"ಅದೊಂದು ಮಾತು ಹೇಳಿದ್ರೆ ಅವರ ವಾದ ಅಲ್ಲೇ ಬಿದ್ದುಹೋಗ್ತಿತ್ತಲ್ಲ. ಯಾಕೆ ಹೇಳಲಿಲ್ಲ?"

ಗೆದ್ದೆನೆಂದು ಹೇಳಿಕೊಳ್ಳುವ ಒಂದು ಸಂದರ್ಭವನ್ನೂ ಬಿಡದ ಸಿಗ್ನಿ ರಸ್ತೆ ನೋಡುತ್ತಾ ತಿರುವಿಗೆ ಕಾರು ನಿಧಾನ ಮಾಡಿದರು. "ಗಿಡ ಹೋಗಬೇಕಾಗಿತ್ತು, ಹೋಯ್ತು. ಅಜ್ಜಿ ದಿಂಬು ಯಾಕೆ ಹೋಗಬೇಕು?" ಎಂದರು. ಅವರಿಂದ ನಾನು ಕಲಿತದ್ದು ಬಹಳ ಇದೆ. ಆದರೆ ಅವರನ್ನು ನಾನು ಗುರು ಎಂದು ಮನಸಾರೆ ಒಪ್ಪಿಕೊಂಡದ್ದು ಆ ತಿರುವಿನಲ್ಲಿ.

ಎಮಿಲ್ ಅವರ ಸೇನ್‌ಫಾಯಿನ್ ಬಿತ್ತನೆಗೆ ಹೋಗಲಿಲ್ಲ. ಸಿಗ್ನಿಯ ಸಲಹೆಯಂತೆ ಒಂದು ಬೀಜವೂ ಇಡಿಯಾಗಿ ಉಳಿಯದ ಹಾಗೆ ಹಿಟ್ಟು ಮಾಡಿ ಕುರಿಗಳಿಗೆ ಹಾಕಿದರು. ಫಾರ್ಕರ್ ತಮ್ಮ ಕುರಿಗಳಿಗೂ ಅದನ್ನೇ ತರಿಸಿಕೊಂಡು, ಬದಲಿಗೆ ತಮ್ಮ ಒಳ್ಳೆಯ ಹುಲ್ಲೆಲ್ಲ ಎಮಿಲ್ ಅವರ ಕೊಟ್ಟಿಗೆಗೆ ಕಳಿಸಿದರು. ಎಮಿಲ್ ಬೇಡವೆಂದು ವಾಪಸು ತಂದರೆ, ಮುದುಕರು ಮತ್ತೆ ಕಳಿಸಿದರು. ಹುಲ್ಲು ಕಣಿವೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿ ಅರ್ಧ ಉದುರಿಹೋಯಿತು ಎಂದು ಜನ ನಕ್ಕರು.

ವಸಂತದಲ್ಲಿ ಹಿಮ ಕರಗಿದ ಮೇಲೆ ಕಣಿವೆಯವರೆಲ್ಲ ಸಲಿಕೆ ಹಿಡಿದು ಕಾಲುವೆಗೆ ಬಂದರು. ಎಲೆಚಕ್ರದ ಕೆಳಗೆ ಬೇರನ್ನು ಒಂದೇ ಏಟಿಗೆ ಕಡಿಯಬೇಕು. ಮೇಲಷ್ಟೇ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಫಾರ್ಕರ್ ಎಲ್ಲರಿಗಿಂತ ಮುಂದೆ. ಯಾರಾದರೂ ಮೇಲುಮೇಲೆ ಕಡಿದರೆ, "ತಲೆ ಬಾಚ್ತಿದೀಯೇನೋ ಅದಕ್ಕೆ? ಒಳಗೆ ಇಳಿಸು!" ಎಂದು ಗದರುತ್ತಿದ್ದರು. ಸಿಗ್ನಿ ದಂಡೆಯ ಮೇಲೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತು, ಜನ ತಂದು ತೋರಿಸಿದ್ದನ್ನು ನೋಡಿ ಹೌದು, ಅಲ್ಲ ಎನ್ನುತ್ತಿದ್ದರು. ಕಣಿವೆಯ ಸ್ವಂತ ಥಿಸಲ್‌ಗಳೂ ಇವೆ, ಜೇನಿಗೂ ಹಕ್ಕಿಗೂ ಬೇಕಾದಂಥವು. ಅವನ್ನು ಯಾರಾದರೂ ಕಿತ್ತು ತಂದರೆ ಫಾರ್ಕರ್‌ಗಿಂತ ಜೋರಾಗಿ ಸಿಗ್ನಿ ಬೈಯುತ್ತಿದ್ದರು. ಸಂಜೆಯ ಹೊತ್ತಿಗೆ ಆ ಬೈಗುಳದಿಂದಲೇ ಅರ್ಧ ಊರು ಥಿಸಲ್‌ಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತಿತ್ತು.

ಎರಡು ವರ್ಷ ಎಮಿಲ್ ಮೊಳೆತ ಥಿಸಲ್ ಕೀಳುತ್ತಾ ಆ ಹೊಲದಲ್ಲಿ ಬಾರ್ಲಿ ಬೆಳೆದರು. ಮತ್ತೆ ಸೇನ್‌ಫಾಯಿನ್ ಹಾಕಿ, ಅದು ಬೀಜ ಕಟ್ಟಿ, ಮಾದರಿ ನಮ್ಮಲ್ಲಿಗೆ ಬಂದಾಗ ಸಿಗ್ನಿ ನಿವೃತ್ತರಾಗುವ ವರ್ಷ. ಅವರು ಅದನ್ನು ನನ್ನ ಮೇಜಿನ ಮೇಲೇ ಇಟ್ಟರು. ಆ ಸಲ ನನಗೆ ತೂಕಡಿಕೆ ಬರಲಿಲ್ಲ. ಕೊನೆಯ ಸಿಪ್ಪೆಯನ್ನೂ ಸರಿಸಿ ನೋಡಿದೆ. ಸ್ವಚ್ಛ. ಎಮಿಲ್‌ಗೆ ಫೋನ್ ಮಾಡಿದರೆ ಅವರು "ಹೂಂ" ಎಂದು ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಅವರದೇ ಕರೆ. "ಈಗಷ್ಟೇ ಮೇಲಿನ ಮನೆಗೆ ಬಂದೆ. ಇವರಿಗೆ ನೀವೇ ಹೇಳಿ, ನಾನು ಹೇಳಿದ್ರೆ ನಂಬ್ತಿಲ್ಲ" ಎಂದರು. ಹಿಂದಿನಿಂದ ಫಾರ್ಕರ್ ಅವರ ದನಿ: "ಸರಿಯಾಗಿ ನೋಡಿದ್ಲಾ ಕೇಳು! ಇನ್ನೊಂದು ಸಲ ನೋಡೋಕೆ ಹೇಳು!"

ನೋಡಿದೆ. ಪಕ್ಕದಲ್ಲಿ ಸಿಗ್ನಿ ನಿಂತಿದ್ದರು. ಎರಡನೇ ಸಲವೂ ಒಂದೂ ಸಿಗಲಿಲ್ಲ.